ಯಾವುದಕ್ಕಿಂತ ವಾಸಿ? ಕುದುರೆಯ ಕೀಲಿನ ಮೃದ್ವಸ್ಥಿಗೆ ಲೇಸರ್ ಚಿಕಿತ್ಸೆ: ಒಂದು ವಿಮರ್ಶೆ

ಕುದುರೆಯ ಕೀಲುಗಳಲ್ಲಿ ಮೃದ್ವಸ್ಥಿಗೆ ಆಗುವ ಗಾಯಗಳು ಲೇಸರ್ ಕಿರಣದಿಂದ ವಾಸಿಯಾಗುತ್ತವೆ ಎಂಬ ಮಾತನ್ನು ಪರೀಕ್ಷಿಸುವುದು ಈ ಲೇಖನದ ಉದ್ದೇಶ. ವಿಷಯವು ಪಶುವೈದ್ಯರಿಗೆ ಸೇರಿದುದು, ಭಾಷೆ ಶಾಸ್ತ್ರಗಳ ವಿಮರ್ಶೆಗೆ ಮೀಸಲಾದ ಈ ಸಂಚಿಕೆಯಲ್ಲಿ ಇದಕ್ಕೆ ಎಡೆಯೇನು ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಕೇಳುವುದು ನ್ಯಾಯವೇ. ನಮ್ಮ ಸಮಾಧಾನವಿಷ್ಟು: ಚಿಕಿತ್ಸೆಯನ್ನು ಮಾಡುವವರು ವೈದ್ಯರು; ಆದರೆ ಚಿಕಿತ್ಸೆಯ ಕೀರ್ತಿ ಹರಡುವುದು ಮಾತುಗಳ ಮೂಲಕ. ಆ ಮಾತುಗಳು ತಾವು ಹೇಳುವ ಅರ್ಥವನ್ನು ಹೊರಬಲ್ಲವೇ ಎಂದು ತೂಗಿ ನೋಡುವುದು ವಿಮರ್ಶೆಯ ಕೆಲಸ. ಅಲ್ಲದೆ ಪಶುವೈದ್ಯವು ಕನ್ನಡಕ್ಕೆ ಹೊಸ ವಸ್ತುವಲ್ಲ. ಚಾವುಂಡರಾಯನ ಲೋಕೋಪಕಾರ, ಕೀರ್ತಿವರ್ಮನ ಗೋವೈದ್ಯ, ಅಭಿನವಚಂದ್ರನ ಅಶ್ವವೈದ್ಯ ಇವು ನಮ್ಮ ಸಾಹಿತ್ಯಚರಿತ್ರೆಗಳಲ್ಲಿ ಹೆಸರಿಗಾದರೂ ಬರುತ್ತವೆ. ಕಾವ್ಯದ ವಿಷಯದಲ್ಲಿ ನಾವು ತೋರುವ ಎಚ್ಚರವನ್ನು ಈ ಶಾಸ್ತ್ರಗ್ರಂಥಗಳ ವಿಷಯದಲ್ಲಿ ತೋರಿದವರಲ್ಲ ಎಂಬುದು ಬೇರೆ ಮಾತು.

ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಬೀದಿಗಳಲ್ಲಿ ನಡೆದುಹೋಗುವ ನಮ್ಮ ವಿದ್ಯಾರ್ಥಿಗಳಿಗೆ ಲೇಸರ್ ಎಂಬ ಹೆಸರು ಅಪರಿಚಿತವಲ್ಲ. ಕಣ್ಣಿಗೆ ಲೇಸರ್, ಹಲ್ಲಿಗೆ ಲೇಸರ್, ಚರ್ಮಕ್ಕೆ ಲೇಸರ್, ಮಂಡಿನೋವಿಗೆ ಲೇಸರ್. ಅದೇ ಹೆಸರು ನಗರದ ನಡುವೆ ರೇಸ್ ಕೋರ್ಸ್ ರಸ್ತೆಗೆ ಹೆಸರು ಕೊಟ್ಟ ಮೈದಾನದ ಕುದುರೆಗಳ ವಿಷಯದಲ್ಲಿಯೂ ಬಳಕೆಯಾಗುವಂಥದು. ಮನುಷ್ಯನ ಮಂಡಿಯನ್ನು ಬಿಟ್ಟು ಕುದುರೆಯ ಕೀಲನ್ನೇ ಇಲ್ಲಿ ಆರಿಸಿಕೊಂಡುದಕ್ಕೆ ಕಾರಣವಿದೆ. ಕುದುರೆಯ ಹಿಂಗಾಲಿನ ಮಂಡಿಯಲ್ಲಿ ಮೃದ್ವಸ್ಥಿಯ ದಪ್ಪ ಸುಮಾರು 1.75ರಿಂದ 2 ಮಿಲಿಮೀಟರು. ಮನುಷ್ಯನ ಮಂಡಿಯಲ್ಲಿ 2.2ರಿಂದ 2.5. ಪ್ರಯೋಗಶಾಲೆಗಳಲ್ಲಿ ಬಳಸುವ ಪ್ರಾಣಿಗಳಲ್ಲಿ ಮನುಷ್ಯನಿಗೆ ಇಷ್ಟು ಹತ್ತಿರ ಬರುವ ಕೀಲು ಮತ್ತೊಂದಿಲ್ಲ. ಇನ್ನೊಂದು ಕಾರಣ, ಕುದುರೆಗೆ ಜಾಹೀರಾತಿನಲ್ಲಿ ನಂಬಿಕೆಯಿಲ್ಲ. ಯಂತ್ರದ ಬೆಲೆಯನ್ನು ಕೇಳಿ ಅದರ ನೋವು ಕಡಿಮೆಯಾಗುವುದಿಲ್ಲ. ನಂಬುವವನು ಅದರ ಒಡೆಯ. ಕುಂಟು ಕಡಿಮೆಯಾಯಿತೆಂದು ಕಾಣುವುದೂ ಅವನ ಕಣ್ಣಿಗೇ. ಆದುದರಿಂದ ಇಲ್ಲಿ ರೋಗಿಯ ಸಾಕ್ಷ್ಯ ಬೇರೆ, ನೋಡುವವನ ಸಾಕ್ಷ್ಯ ಬೇರೆ ಎಂಬುದು ಮನುಷ್ಯರಲ್ಲಿ ತಿಳಿಯುವುದಕ್ಕಿಂತ ಸ್ಪಷ್ಟವಾಗಿ ತಿಳಿಯುತ್ತದೆ.

ಮೊದಲು ಮೃದ್ವಸ್ಥಿಯ ಸ್ವರೂಪವನ್ನು ತಿಳಿಯಬೇಕು. ಎರಡು ಮೂಳೆಗಳು ಕೂಡುವೆಡೆಯಲ್ಲಿ ಅವುಗಳ ತುದಿಗೆ ಹೊದಿಸಿದಂತಿರುವ ನುಣುಪಾದ, ಮುತ್ತಿನ ಬಣ್ಣದ ಪದರವಿದು. ಇದರಲ್ಲಿ ರಕ್ತನಾಳವಿಲ್ಲ, ನರವಿಲ್ಲ. ತೂಕದ ಮುಕ್ಕಾಲುಪಾಲಿನಷ್ಟು ನೀರು. ಉಳಿದುದರಲ್ಲಿ ಕೊಲಾಜೆನ್ ಎಂಬ ನಾರಿನ ಹೆಣಿಗೆ ಮತ್ತು ಆ ಹೆಣಿಗೆಯೊಳಗೆ ನೀರನ್ನು ಹಿಡಿದಿಡುವ ದೊಡ್ಡ ಅಣುಗಳು. ಜೀವಕೋಶಗಳು ಬಹು ವಿರಳ. ಒಂದೊಂದೂ ತನ್ನ ಸಣ್ಣ ಗೂಡಿನಲ್ಲಿ ಒಂಟಿಯಾಗಿ ಕುಳಿತು ಸುತ್ತಣ ದ್ರವ್ಯವನ್ನು ಕಾಪಾಡಿಕೊಳ್ಳುತ್ತದೆ. ಅದಕ್ಕೆ ಆಹಾರ ಬರುವುದು ಕೀಲಿನೊಳಗಣ ಸಂಧಿದ್ರವದಿಂದ. ಪ್ರಾಣಿ ಕಾಲೂರಿದಾಗ ಪದರ ಅದುಮಿ ನೀರು ಹೊರಬರುತ್ತದೆ, ಎತ್ತಿದಾಗ ಒಳಗೆ ಸೇರುತ್ತದೆ. ನಡೆಯೇ ಅದರ ಉಣಿಸು ಎನ್ನಬಹುದು.

ಈ ರಚನೆಯ ಸೊಗಸೇ ಅದರ ದೌರ್ಬಲ್ಯವೂ ಆಗಿದೆ. ಚರ್ಮಕ್ಕೆ ಗಾಯವಾದರೆ ರಕ್ತ ಬರುತ್ತದೆ. ರಕ್ತದೊಡನೆ ದುರಸ್ತಿಯ ಕೋಶಗಳೂ ಬರುತ್ತವೆ. ಮೃದ್ವಸ್ಥಿಗೆ ಗಾಯವಾದರೆ ಬರಲು ರಕ್ತವೇ ಇಲ್ಲ. ನೋವನ್ನು ತಿಳಿಸಲು ಅದರಲ್ಲಿ ನರವೂ ಇಲ್ಲದುದರಿಂದ ಗಾಯವು ಕೆಳಗಣ ಮೂಳೆಯನ್ನೋ ಸುತ್ತಣ ಪೊರೆಯನ್ನೋ ಮುಟ್ಟುವವರೆಗೆ ಕುದುರೆ ಕುಂಟದೆಯೂ ಇರಬಹುದು. ಗಾಯ ಮೂಳೆಯವರೆಗೆ ಇಳಿದರೆ ಅಲ್ಲಿಂದ ರಕ್ತ ಬಂದು ಕುಳಿ ತುಂಬುತ್ತದೆ ನಿಜ. ಆದರೆ ತುಂಬುವುದು ಮೊದಲಿನ ಮೃದ್ವಸ್ಥಿಯಲ್ಲ. ನಾರುನಾರಾದ, ಬೇರೆ ಜಾತಿಯ ಕೊಲಾಜೆನ್ ಹೆಚ್ಚಾಗಿರುವ, ಭಾರವನ್ನು ಅಷ್ಟಾಗಿ ತಾಳದ ಒಂದು ತೇಪೆ. ಮೃದ್ವಸ್ಥಿ ಒಮ್ಮೆ ಹಾಳಾದರೆ ಮರಳಿ ಬಾರದೆಂದು ವಿಲಿಯಂ ಹಂಟರನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಹೇಳಿದುದು 1743ರಲ್ಲಿ. ಆಮೇಲೆ ಹೆಚ್ಚುಕಡಮೆ ಮೂರು ಶತಮಾನಗಳು ಉರುಳುತ್ತ ಬಂದಿವೆ. ತೇಪೆಯ ಗುಣ ಉತ್ತಮಗೊಂಡಿದೆ. ಹಂಟರನ ಮಾತು ಮಾತ್ರ ಪೂರ್ತಿ ಸುಳ್ಳಾಗಿಲ್ಲ.

ಇಂಥ ಪದರದ ಮೇಲೆ ಪಂದ್ಯದ ಕುದುರೆ ಹೇರುವ ಭಾರವನ್ನು ನೆನೆಯಿರಿ. ಅದರ ತೂಕ ಸುಮಾರು 450ರಿಂದ 500 ಕಿಲೋಗ್ರಾಮು. ನಾಗಾಲೋಟದಲ್ಲಿ ಒಂದೇ ಮುಂಗಾಲು ನೆಲವನ್ನು ಮುಟ್ಟಿರುವ ಕ್ಷಣದಲ್ಲಿ ದೇಹತೂಕದ ಸುಮಾರು ಎರಡೂವರೆ ಪಟ್ಟು, ಎಂದರೆ ಒಂದು ಟನ್ನಿಗೂ ಮೀರಿದ ಭಾರ ಆ ಕಾಲಿನ ಕೀಲುಗಳ ಮೇಲೆ ಬೀಳುತ್ತದೆ. ಪೆಟ್ಟು ಹೆಚ್ಚಾಗಿ ತಗಲುವುದು ಗೊರಸಿನ ಮೇಲಣ ಗೆಣ್ಣುಕೀಲಿಗೆ ಮತ್ತು ಮುಂಗಾಲಿನ ‘ಮೊಣಕಾಲಿ’ಗೆ. (ಇದನ್ನು ಮೊಣಕಾಲೆಂದು ಕರೆಯುವುದು ರೂಢಿಯಾದರೂ ದೇಹರಚನೆಯಲ್ಲಿ ಇದು ನಮ್ಮ ಮಣಿಕಟ್ಟಿಗೆ ಸಮ. ಕುದುರೆ ಕೈಯ ನಡುಬೆರಳಿನ ತುದಿಯ ಮೇಲೆ ಓಡುವ ಪ್ರಾಣಿ.) ಪಂದ್ಯಕ್ಕೆ ಇಳಿಸುವುದು ಎರಡು ಮೂರು ವರ್ಷದ ಮರಿಗಳನ್ನು. ಟಿಪ್ಪುವಿನ ಕಾಲಕ್ಕೆ ಸಲ್ಲುವ ಚರಿತ್ರೆಯುಳ್ಳ ಕುಣಿಗಲಿನ ಫಾರಮ್ಮಿನಂಥ ಕಡೆ ಹುಟ್ಟಿ, ಬೇಲಿಯೊಳಗೆ ಸ್ವೇಚ್ಛೆಯಾಗಿ ಬೆಳೆದ ಮರಿ, ಬೆಂಗಳೂರಿನ ಲಾಯಕ್ಕೆ ಬಂದ ಮೇಲೆ ದಿನದ ಬಹುಭಾಗವನ್ನು ನಾಲ್ಕು ಗೋಡೆಗಳೊಳಗೆ ಕಳೆದು ಬೆಳಗಿನ ಜಾವ ಒಮ್ಮೆ ವೇಗವಾಗಿ ಓಡುತ್ತದೆ. ನಡೆಯೇ ಉಣಿಸಾದ ಪದರಕ್ಕೆ ಇದು ಒಳ್ಳೆಯ ದಿನಚರಿಯೇ ಎಂದು ಕೇಳಬೇಕಾದುದುಂಟು.

ಇನ್ನು ಚಿಕಿತ್ಸೆಯ ಮಾತು. ಲೇಸರಿಗೆ ಹಿಂದೆ ಕುದುರೆಯ ಕಾಲಿಗೆ ತಾಪವನ್ನು ಕೊಟ್ಟುದು ಕಾದ ಕಬ್ಬಿಣ. ನಮ್ಮ ಗಾದೆಯೊಂದು ಎಲ್ಲರಿಗೂ ತಿಳಿದದ್ದೇ: ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಗಾದೆ ನಗುವುದು ರೋಗಿಯನ್ನು ತಪ್ಪಿ ಬರೆ ಹಾಕಿದವನನ್ನು ಕುರಿತು. ಬರೆಯಿಂದ ಜ್ವರ ಹೋಗುತ್ತದೆಯೇ ಎಂಬ ಸಂಶಯವನ್ನು ಅದು ಎತ್ತುವುದೇ ಇಲ್ಲ. ಎತ್ತಿಗೇ ಹಾಕಿದ್ದರೆ ಗಾದೆಯೇ ಹುಟ್ಟುತ್ತಿರಲಿಲ್ಲ. ಭಾಷೆಯಲ್ಲಿ ನೆಲೆನಿಂತ ಚಿಕಿತ್ಸೆ ಹೇಗೆ ಪ್ರಶ್ನೆಯಿಂದ ತಪ್ಪಿಸಿಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾವು ಕಾಣೆವು.

ಬರೆಯ ಹಿಂದೆ ಶಾಸ್ತ್ರವೂ ಇತ್ತೆಂಬುದನ್ನು ಮರೆಯಬಾರದು. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಅಗ್ನಿಕರ್ಮಕ್ಕೆಂದೇ ಒಂದು ಅಧ್ಯಾಯವಿದೆ. ಅಲ್ಲಿ ಗಮನಿಸಬೇಕಾದ ಅಂಶ, ಸುಡುವ ಸಾಧನವನ್ನು ಸುಡಬೇಕಾದ ಧಾತುವಿಗೆ ತಕ್ಕಂತೆ ಬದಲಿಸಿರುವುದು. ಚರ್ಮಕ್ಕೆ ಹಿಪ್ಪಲಿ, ಆಡಿನ ಹಿಕ್ಕೆ ಮೊದಲಾದವು. ಮಾಂಸಕ್ಕೆ ಲೋಹದ ಶಲಾಕೆ. ಸಿರೆ, ಸ್ನಾಯು, ಸಂಧಿ, ಅಸ್ಥಿಗಳಿಗೆ ಕಾಯಿಸಿದ ಜೇನು, ಬೆಲ್ಲ, ಜಿಡ್ಡು. ತಾಪ ಒಂದೇ ಆದರೂ ಅದನ್ನು ಹೊತ್ತೊಯ್ಯುವ ವಸ್ತುವಿನಿಂದ ಅದು ತಲಪುವ ಆಳ ಬೇರೆಯಾಗುತ್ತದೆ ಎಂಬ ಅರಿವು ಈ ವಿಂಗಡಣೆಯಲ್ಲಿದೆ. ಲೇಸರಿನಲ್ಲಿ ಅಲೆಯುದ್ದವನ್ನು ಆರಿಸುವುದರ ಹಿಂದಿರುವುದೂ ಇಂಥದೇ ವಿಚಾರ. ಇಷ್ಟರಿಂದ ಲೇಸರು ನಮ್ಮ ಪೂರ್ವಿಕರಿಗೆ ತಿಳಿದಿತ್ತೆಂದು ಹೊರಡುವವರಿಗೆ ನಮ್ಮ ಬೆಂಬಲವಿಲ್ಲ. ಹೋಲಿಕೆಯಿರುವುದು ಪ್ರಶ್ನೆಯಲ್ಲಿ, ಉತ್ತರದಲ್ಲಲ್ಲ.

ಯೂರೋಪಿನಲ್ಲಿಯೂ ಪಂದ್ಯದ ಕುದುರೆಯ ಕುಂಟುಗಾಲಿಗೆ ಕಬ್ಬಿಣದಿಂದ ಸಾಲುಸಾಲಾಗಿ ಬರೆಯೆಳೆಯುವುದು, ಚುಕ್ಕೆ ಸುಡುವುದು ಇಪ್ಪತ್ತನೆಯ ಶತಮಾನದಲ್ಲಿಯೂ ನಡೆದೇ ಇತ್ತು. ಸುಟ್ಟರೆ ಅಲ್ಲಿಗೆ ರಕ್ತ ಹರಿದುಬರುತ್ತದೆ, ಬಂದ ರಕ್ತ ಹಳೆಯ ಗಾಯವನ್ನು ಗುಣಪಡಿಸುತ್ತದೆ ಎಂಬುದು ಅದರ ತರ್ಕ. ಬರೆ ಹಾಕಿದ ಕುದುರೆಗಳಲ್ಲಿ ಹಲವು ನಿಜವಾಗಿ ಮೈದಾನಕ್ಕೆ ಮರಳಿದುವು ಕೂಡ. ಆದರೆ ಬರೆ ಹಾಕಿದ ಮೇಲೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದ ತನಕ ಅವುಗಳಿಗೆ ವಿಶ್ರಾಂತಿ ಕೊಡುತ್ತಿದ್ದರು. ಹಾಗಾದರೆ ಗುಣ ಯಾವುದರದು, ಬರೆಯದೇ, ವಿಶ್ರಾಂತಿಯದೇ? ಇದನ್ನು ಬ್ರಿಸ್ಟಲ್ ವಿಶ್ವವಿದ್ಯಾನಿಲಯದ ವಿದ್ವಾಂಸರು ಸ್ನಾಯುರಜ್ಜುವಿನ ಗಾಯಗಳಲ್ಲಿ ಪರೀಕ್ಷಿಸಿ 1983ರಲ್ಲಿ ಫಲಿತವನ್ನು ಪ್ರಕಟಿಸಿದರು. ಬರೆಯಿಂದ ಯಾವ ಪ್ರಯೋಜನವೂ ಕಂಡುಬಂದಿರಲಿಲ್ಲ. ಬ್ರಿಟನ್ನಿನ ಪಶುವೈದ್ಯರ ರಾಯಲ್ ಕಾಲೇಜು 1991ರಲ್ಲಿ ಈ ಪದ್ಧತಿ ನಿಷ್ಫಲವೂ ನೀತಿಗೆ ಒಪ್ಪದುದೂ ಎಂದು ತೀರ್ಮಾನಿಸಿತು. ಪರೀಕ್ಷೆ ನಡೆದುದು ರಜ್ಜುವಿನ ಮೇಲೆ, ಕೀಲಿನ ಮೇಲಲ್ಲ ಎಂಬ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾವು ಇದನ್ನು ಉದಾಹರಿಸುತ್ತಿದ್ದೇವೆ. ನಮಗೆ ಬೇಕಾದುದು ಅದರ ವಿಧಾನ: ಚಿಕಿತ್ಸೆಯೊಡನೆ ಬಂದ ವಿಶ್ರಾಂತಿಯನ್ನು ಚಿಕಿತ್ಸೆಯಿಂದ ಬೇರ್ಪಡಿಸಿ ನೋಡಿದ ವಿಧಾನ.

ಇಲ್ಲಿ ಕನ್ನಡದ ಒಂದು ಪದವು ನಮ್ಮ ನೆರವಿಗೆ ಬರುತ್ತದೆ. ರೋಗ ‘ವಾಸಿ’ಯಾಯಿತು ಎನ್ನುತ್ತೇವೆ. ಅದೇ ರೂಪದ ಮಾತನ್ನು ‘ನಿನ್ನೆಗಿಂತ ಇಂದು ವಾಸಿ’, ‘ಅವನಿಗಿಂತ ಇವನೇ ವಾಸಿ’ ಎಂದು ಹೋಲಿಕೆಗೂ ಬಳಸುತ್ತೇವೆ. ‘ಅರ್ಧವಾಸಿ’, ‘ಮುಕ್ಕಾಲುವಾಸಿ’ ಎಂದು ಅಳತೆಗೂ ಬಳಸುತ್ತೇವೆ. ಇವುಗಳ ಮೂಲ ಒಂದೇ ಎಂಬ ನಿರ್ಣಯವನ್ನು ನಿಘಂಟುಕಾರರಿಗೆ ಬಿಡೋಣ. ಬಳಕೆಯಲ್ಲಂತೂ ಈ ಮಾತನ್ನು ಕೇಳಿದೊಡನೆ ‘ಯಾವುದಕ್ಕಿಂತ?’ ‘ಎಷ್ಟು?’ ಎಂಬೆರಡು ಪ್ರಶ್ನೆಗಳು ಸಹಜವಾಗಿ ಏಳುತ್ತವೆ. ಇದಲ್ಲದೆ ಚರ್ಮದ ಗಾಯ ‘ಮಾಯುತ್ತದೆ’, ಮುರಿದ ಮೂಳೆ ‘ಕೂಡುತ್ತದೆ’, ಬಾವು ‘ಇಳಿಯುತ್ತದೆ’, ನೋವು ‘ಶಮನ’ವಾಗುತ್ತದೆ. ಒಂದೊಂದು ಕ್ರಿಯೆಗೂ ಒಂದೊಂದು ಪದ. ಲೇಸರ್ ಚಿಕಿತ್ಸೆಯನ್ನು ಹೊಗಳುವ ಬರೆಹಗಳಲ್ಲಿ ಇವೆಲ್ಲ ‘ಗುಣ’ವೆಂಬ ಒಂದೇ ಚೀಲದೊಳಗೆ ಬೀಳುತ್ತವೆ. ಅಲ್ಲಿ ನಿಜವಾಗಿ ನಡೆಯುವುದು ಮೂರು ಬೇರೆ ಬೇರೆ ಕಾರ್ಯಗಳು. ಅವುಗಳಲ್ಲಿ ಒಂದು ಕೆತ್ತುತ್ತದೆ, ಒಂದು ಬೆಸೆಯುತ್ತದೆ, ಒಂದು ನೋವಿನ ಶಮನಕ್ಕೆ ಯತ್ನಿಸುತ್ತದೆ.

ಲೇಸರ್ ಎಂಬುದು ಬೆಳಕೇ. ಅದರ ಬೀಜ 1917ರಲ್ಲಿ ಐನ್‌ಸ್ಟೈನರು ಪ್ರತಿಪಾದಿಸಿದ ಪ್ರಚೋದಿತ ಉತ್ಸರ್ಜನೆಯ ತತ್ತ್ವದಲ್ಲಿತ್ತು. 1960ರ ಮೇ ತಿಂಗಳಿನಲ್ಲಿ ಥಿಯೊಡೋರ್ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರನ್ನು ಬೆಳಗಿದರು. ಸಾಮಾನ್ಯ ದೀಪದ ಬೆಳಕು ಹಲವು ಅಲೆಯುದ್ದಗಳ ಮಿಶ್ರಣ, ಎಲ್ಲ ದಿಕ್ಕಿಗೂ ಚೆದರುವಂಥದು. ಲೇಸರು ಒಂದೇ ಅಲೆಯುದ್ದದ್ದು, ಒಂದೇ ಹೆಜ್ಜೆಯಲ್ಲಿ ನಡೆಯುವಂಥದು, ಸೂಜಿಮೊನೆಯಷ್ಟು ಎಡೆಗೆ ಕೂಡಿಸಬಹುದಾದಂಥದು. ಅಲೆಯುದ್ದ ಬದಲಾದರೆ ದೇಹದೊಳಗೆ ಅದನ್ನು ಹೀರುವ ವಸ್ತು ಬದಲಾಗುತ್ತದೆ. ಹೀರುವ ವಸ್ತು ಬದಲಾದರೆ ಕಾರ್ಯವೇ ಬದಲಾಗುತ್ತದೆ. ‘ಲೇಸರ್ ಕೊಟ್ಟೆವು’ ಎನ್ನುವುದು ಆದುದರಿಂದ ‘ಮದ್ದು ಕೊಟ್ಟೆವು’ ಎಂಬಷ್ಟೇ ಅಸ್ಪಷ್ಟ.

ಮೊದಲನೆಯದು ಕೆತ್ತುವ ಲೇಸರು. ಕುದುರೆಯ ಕೀಲನ್ನು ಪೂರ್ತಿ ತೆರೆಯದೆ, ಸಣ್ಣ ರಂಧ್ರದ ಮೂಲಕ ಆರ್ಥ್ರೋಸ್ಕೋಪ್ ಎಂಬ ದರ್ಶಕನಳಿಗೆಯನ್ನು ಹೊಗಿಸಿ ಶಸ್ತ್ರಕರ್ಮ ನಡೆಸುವ ಪದ್ಧತಿಯನ್ನು 1980ರ ಹೊತ್ತಿಗೆ ಬೆಳೆಸಿ ಹರಡಿದವರಲ್ಲಿ ಕೊಲರಾಡೋ ರಾಜ್ಯ ವಿಶ್ವವಿದ್ಯಾನಿಲಯದ ವೇನ್ ಮೆಕಿಲ್‌ರೈತ್ ಪ್ರಮುಖರು. ಆ ನಳಿಗೆಯೊಡನೆ ಲೇಸರಿನ ಎಳೆಯನ್ನೂ ಒಳಗೆ ಬಿಟ್ಟರೆ ಹರಿದು ಜೂಲಾದ ಮೃದ್ವಸ್ಥಿಯ ಅಂಚನ್ನು ಸವರಿ ನುಣುಪು ಮಾಡಬಹುದೆಂಬುದು ಆಸೆ. ಇಂಗಾಲದ ಡೈಆಕ್ಸೈಡ್ ಲೇಸರಿನ ಅಲೆಯುದ್ದ 10,600 ನ್ಯಾನೋಮೀಟರ್. ನೀರು ಅದನ್ನು ಥಟ್ಟನೆ ಹೀರುವುದರಿಂದ ಕೀಲಿಗೆ ದ್ರವದ ಬದಲು ಅನಿಲವನ್ನು ತುಂಬಬೇಕಾಗುತ್ತಿತ್ತು. 1990ರ ಸುಮಾರಿನಲ್ಲಿ ಮನುಷ್ಯರ ಮಂಡಿಗೆ ಬಳಕೆಗೆ ಬಂದ ಹೋಲ್ಮಿಯಂ ಲೇಸರಿನದು 2,100 ನ್ಯಾನೋಮೀಟರ್. ಅದು ತೆಳುವಾದ ಗಾಜಿನೆಳೆಯಲ್ಲಿ ಹರಿಯುತ್ತದೆ, ದ್ರವದೊಳಗೂ ಕೆಲಸ ಮಾಡುತ್ತದೆ. ಅದು ಸವರಿದ ಮೇಲ್ಮೈ ಕಣ್ಣಿಗೆ ಬಹು ಸುಂದರವಾಗಿ ಕಂಡಿತು. ಜೂಲು ಹೋಗಿ ನುಣುಪು ಬಂದಿತ್ತು, ಶಸ್ತ್ರವೈದ್ಯರು ಸಂತೋಷಪಟ್ಟರು.

ಸಂತೋಷ ಬಹುಕಾಲ ನಿಲ್ಲಲಿಲ್ಲ. ಮೃದ್ವಸ್ಥಿಯ ಜೀವಕೋಶಗಳು ಸುಮಾರು 50ರಿಂದ 55 ಡಿಗ್ರಿ ಸೆಲ್ಸಿಯಸ್ ತಾಪದಲ್ಲೇ ಸಾಯತೊಡಗುತ್ತವೆ. ಸವರುವ ಕಿರಣದ ತಾಪ ಅದಕ್ಕಿಂತ ಬಹಳ ಮಿಗಿಲು. ಸತ್ತ ಕೋಶಕ್ಕೊಂದು ಬಣ್ಣ, ಬದುಕಿದ ಕೋಶಕ್ಕೊಂದು ಬಣ್ಣ ಕೊಟ್ಟು ಕಾನ್‌ಫೋಕಲ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಆ ನುಣುಪಾದ ಮೇಲ್ಮೈಯ ಕೆಳಗೆ ಕೋಶಗಳು ಪದರುಪದರಾಗಿ ಸತ್ತಿರುವುದು ಕಂಡಿತು. ತಾಪದಿಂದ ಸವರುವ ರೇಡಿಯೋ ಅಲೆಯ ಉಪಕರಣಗಳಿಗೂ ಇದೇ ದೋಷ ತಗಲಿತು; ಆ ಪರೀಕ್ಷೆಗಳಲ್ಲಿ ಕೆಲವು ಕುದುರೆಯ ಮೃದ್ವಸ್ಥಿಯ ಮೇಲೆಯೇ ನಡೆದುವು. ಕಾನ್‌ಫೋಕಲ್ ಸೂಕ್ಷ್ಮದರ್ಶಕದಲ್ಲಿ ನೋಡಲು ಬಳಸುವ ಬೆಳಕೂ ಲೇಸರೇ ಎಂಬುದು ಇಲ್ಲಿಯ ವಿಚಿತ್ರ. ಚಿಕಿತ್ಸೆಯಲ್ಲಿ ಸೋತ ಬೆಳಕು ಪರೀಕ್ಷೆಯಲ್ಲಿ ತನ್ನ ಸೋಲಿಗೆ ತಾನೇ ಸಾಕ್ಷಿಯಾಯಿತು. ಮನುಷ್ಯರಲ್ಲಿ ಲೇಸರ್ ಶಸ್ತ್ರಕರ್ಮವಾದ ಮೇಲೆ ಮಂಡಿಯ ಮೂಳೆಯ ಭಾಗ ಸತ್ತುಹೋದ ಪ್ರಕರಣಗಳೂ 1990ರ ದಶಕದಲ್ಲಿ ವರದಿಯಾದುವು. ಸಾಹಿತ್ಯವಿಮರ್ಶಕನಿಗೆ ಇದು ಅಪರಿಚಿತ ಅನುಭವವಲ್ಲ. ನುಣುಪಾದ ಮೇಲ್ಮೈಯ ಕೆಳಗೆ ಜೀವವಿಲ್ಲದ ಪದ್ಯಗಳನ್ನು ಅವನು ಬೇಕಾದಷ್ಟು ಕಂಡಿದ್ದಾನೆ.

ಎರಡನೆಯದು ಬೆಸೆಯುವ ಲೇಸರು. ಕುದುರೆಯ ಹಿಂಗಾಲಿನಲ್ಲಿ, ನಮ್ಮ ಕಣಕಾಲಿಗೆ ಸಮನಾದ ಕೀಲು ಒಂದೇ ಕೀಲಲ್ಲ. ಒಂದರ ಮೇಲೊಂದು ಅಡುಕಿದ ಕೆಲವು ಕೀಲುಗಳ ಗುಂಪು. ಅವುಗಳಲ್ಲಿ ಮೇಲಿನದು ಹೆಚ್ಚು ಚಲಿಸುತ್ತದೆ. ಕೆಳಗಿನ ಎರಡು ಚಲಿಸುವುದು ಅತ್ಯಲ್ಪ. ಆ ಕೆಳಗಿನ ಕೀಲುಗಳಲ್ಲಿ ಮೃದ್ವಸ್ಥಿ ಸವೆದು ಮೂಳೆ ಮೂಳೆಗೆ ತಾಗಿದಾಗ ಕುದುರೆ ಕುಂಟುತ್ತದೆ. ಅಲ್ಲಿ ಮೃದ್ವಸ್ಥಿಯನ್ನು ಉಳಿಸುವ ಯತ್ನವನ್ನೇ ಬಿಟ್ಟು, ಉಳಿದಿರುವುದನ್ನೂ ಕೊಂದು ಎರಡು ಮೂಳೆಗಳನ್ನು ಒಂದಾಗಿಸಿದರೆ ಚಲನೆ ನಿಲ್ಲುತ್ತದೆ, ಚಲನೆಯೊಡನೆ ನೋವೂ ನಿಲ್ಲುತ್ತದೆ. ನಿಯೋಡಿಮಿಯಂ ಲೇಸರಿನ ಎಳೆಯನ್ನು ಸೂಜಿಯ ಮೂಲಕ ಆ ಕೀಲಿನೊಳಗೆ ಬಿಟ್ಟು ಕಾಯಿಸುವ ಹೊಸ ಕ್ರಮವನ್ನು ಅಮೆರಿಕದ ಶಸ್ತ್ರವೈದ್ಯರು 2000ದಲ್ಲಿ ಪ್ರಕಟಿಸಿದರು. ತಮ್ಮ ಲೇಖನದ ಹೆಸರಿನಲ್ಲಿಯೇ ಅವರು ಇದನ್ನು ಚಿಕಿತ್ಸಾನುಭವದ ಅನಿಸಿಕೆ ಎಂದು ಕರೆದುಕೊಂಡರು. ಆ ವಿನಯವು ಮೆಚ್ಚತಕ್ಕದ್ದು. ಅವರ ಕ್ರಮವನ್ನು ಆಮೇಲೆ ಪ್ರಚಾರಮಾಡಿದವರಲ್ಲಿ ಅದು ಅಷ್ಟಾಗಿ ಉಳಿದಂತೆ ತೋರದು.

‘ಯಾವುದಕ್ಕಿಂತ?’ ಎಂಬ ಪ್ರಶ್ನೆಗೆ ಉತ್ತರ ಬಂದುದು 2005ರಲ್ಲಿ ಪ್ರಕಟವಾದ ಒಂದು ಹೋಲಿಕೆಯಲ್ಲಿ. ಕೀಲನ್ನು ಕೊರೆಯುವ ಹಳೆಯ ಕ್ರಮ, ಮೃದ್ವಸ್ಥಿಯನ್ನು ಕೊಲ್ಲುವ ರಾಸಾಯನಿಕವನ್ನು ಚುಚ್ಚುವ ಕ್ರಮ, ಲೇಸರ್ ಕ್ರಮ ಈ ಮೂರನ್ನೂ ಜೊತೆಗಿಟ್ಟು ನೋಡಿದಾಗ ಲೇಸರಿನ ಕುದುರೆಗಳಿಗೆ ಶಸ್ತ್ರಕರ್ಮದ ತರುವಾಯ ಯಾತನೆ ಕಡಮೆಯಿತ್ತು. ಮೂಳೆಯ ಬೆಸುಗೆ ಮಾತ್ರ ಕೊರೆದ ಕೀಲುಗಳಲ್ಲಿ ಹೆಚ್ಚಾಗಿತ್ತು. ಎಂದ ಮೇಲೆ ಲೇಸರು ಒಂದು ವಿಷಯದಲ್ಲಿ ವಾಸಿ, ಇನ್ನೊಂದರಲ್ಲಿ ಅಲ್ಲ. ಹೀಗೆ ಹೇಳುವ ಫಲಿತವನ್ನು ನಾವು ನಂಬಲು ಸಿದ್ಧರಿದ್ದೇವೆ. ಕುದುರೆಯ ಕೀಲಿನಲ್ಲಿ ಲೇಸರಿಗೆ ದೊರೆತ ಮಾನ್ಯವಾದ ಸ್ಥಾನ ಇದೇ ಎಂಬುದನ್ನೂ ಗಮನಿಸಬೇಕು. ಮೃದ್ವಸ್ಥಿಯ ಚಿಕಿತ್ಸೆಯೆಂದು ಹೆಸರಾದ ಬೆಳಕು ಹೆಚ್ಚು ಉಪಯೋಗಕ್ಕೆ ಬಂದುದು ಮೃದ್ವಸ್ಥಿಯನ್ನು ಇಲ್ಲವಾಗಿಸುವುದರಲ್ಲಿ. ಕೀಲನ್ನು ಬಲಿಕೊಟ್ಟು ಕುದುರೆಯನ್ನು ಉಳಿಸುವುದು ನ್ಯಾಯವಾದ ವೈದ್ಯವೇ. ಆದರೆ ಅದನ್ನು ‘ಮೃದ್ವಸ್ಥಿ ಗುಣವಾಯಿತು’ ಎಂಬ ಲೆಕ್ಕಕ್ಕೆ ಸೇರಿಸುವುದು ನ್ಯಾಯವಲ್ಲ. ವೇಗವಾಗಿ ಚಲಿಸಬೇಕಾದ ಗೆಣ್ಣುಕೀಲಿಗೋ ಮುಂಗಾಲಿನ ಮೊಣಕಾಲಿಗೋ ಇದನ್ನು ಮಾಡಿದರೆ ಜೀವ ಉಳಿದೀತು, ಓಟ ಉಳಿಯುವುದಿಲ್ಲ.

ಓಡುವ ಕೀಲುಗಳಿಗೆ ದಾರಿಯೇ ಇಲ್ಲವೇ ಎಂದರೆ, ಇದೆ. ಅದಕ್ಕೆ ಬೆಳಕಿನ ಹಂಗಿಲ್ಲ. ಮನುಷ್ಯರ ಮಂಡಿಗಾಗಿ ರಿಚರ್ಡ್ ಸ್ಟೆಡ್‌ಮನ್ ಎಂಬ ಶಸ್ತ್ರವೈದ್ಯರು 1980ರ ದಶಕದಲ್ಲಿ ರೂಪಿಸಿದ ಕ್ರಮದಲ್ಲಿ, ಹಾಳಾದ ಪದರವನ್ನು ಕೆರೆದು ತೆಗೆದು, ಕೆಳಗಣ ಮೂಳೆಯಲ್ಲಿ ದಬ್ಬಣದಂಥ ಮೊನಚಾದ ಉಪಕರಣದಿಂದ ಸಣ್ಣಸಣ್ಣ ತೂತುಗಳನ್ನು ಮಾಡುತ್ತಾರೆ. ಮೂಳೆಯ ಮಜ್ಜೆಯಿಂದ ರಕ್ತವೂ ಕೋಶಗಳೂ ಒಸರಿ ಕುಳಿಯನ್ನು ತುಂಬುತ್ತವೆ. ಕೊಲರಾಡೋದಲ್ಲಿ ಹತ್ತು ಕುದುರೆಗಳ ಮೇಲೆ ಇದನ್ನು ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಚದರ ಸೆಂಟಿಮೀಟರಿನ ಕುಳಿಗಳಲ್ಲಿ ತೂತುಮಾಡಿದುವು ತೂತುಮಾಡದವುಗಳಿಗಿಂತ ಹೆಚ್ಚು ತುಂಬಿಕೊಂಡಿದ್ದುವು. ತುಂಬಿದುದರಲ್ಲಿ ಮೃದ್ವಸ್ಥಿಗೆ ಸಹಜವಾದ ಕೊಲಾಜೆನ್ನೂ ಹೆಚ್ಚಾಗಿತ್ತು. ಅದೂ ತೇಪೆಯೇ, ಸರಿ. ಆದರೆ ಯಾವುದಕ್ಕಿಂತ ಎಷ್ಟು ವಾಸಿ ಎಂದು ಹೇಳಬಲ್ಲ ತೇಪೆ. ತಾಪವಿಲ್ಲದ ದಬ್ಬಣ ಇಲ್ಲಿ ತಾಪವುಳ್ಳ ಕಿರಣಕ್ಕಿಂತ ಮುಂದಿದೆ. ದಬ್ಬಣದ ಹೆಸರು ಫಲಕದ ಮೇಲೆ ಶೋಭಿಸುವುದಿಲ್ಲ ಎಂಬುದೊಂದೇ ಅದರ ಕೊರತೆ.

ಮೂರನೆಯದು ಮಂದ ಲೇಸರು. ನಗರದ ಫಿಜಿಯೋಥೆರಪಿ ಕೇಂದ್ರಗಳಲ್ಲಿಯೂ ಕುದುರೆಯ ಲಾಯಗಳಲ್ಲಿಯೂ ಒಂದೇ ರೀತಿಯಲ್ಲಿ ಬಳಕೆಯಾಗುವುದು ಇದು. ಕೀಲನ್ನು ತೆರೆಯುವುದಿಲ್ಲ, ಸುಡುವುದೂ ಇಲ್ಲ. ಚರ್ಮದ ಮೇಲೆ ಕೈಹಿಡಿಕೆಯನ್ನು ಹಿಡಿದು ಕೆಲವು ನಿಮಿಷ ಕೆಂಪು ಅಥವಾ ಕೆಂಪಿನಾಚೆಯ ಬೆಳಕನ್ನು ಹಾಯಿಸುವುದಷ್ಟೆ. ಬೂಡಪೆಸ್ಟಿನ ಎಂಡ್ರೆ ಮೆಸ್ಟರ್ 1967ರಲ್ಲಿ, ಬೋಳಿಸಿದ ಇಲಿಗಳ ಬೆನ್ನಿಗೆ ಮಂದವಾದ ಮಾಣಿಕ್ಯ ಲೇಸರನ್ನು ಹಾಯಿಸಿದಾಗ ಕೂದಲು ಬೇಗ ಬೆಳೆದುದನ್ನು ಕಂಡುದು ಇದರ ಆರಂಭ. ಜೀವಕೋಶದ ಉಸಿರಾಟದಲ್ಲಿ ಪಾಲ್ಗೊಳ್ಳುವ ಒಂದು ಕಿಣ್ವವು ಆ ಬೆಳಕನ್ನು ಹೀರಿ ಚುರುಕಾಗುತ್ತದೆ ಎಂಬುದು ಬಹುಮಂದಿ ಒಪ್ಪಿರುವ ವಿವರಣೆ. ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಕೋಶಗಳು ಸ್ಪಂದಿಸುವುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ತಟ್ಟೆಗೆ ಚರ್ಮವಿಲ್ಲ, ರೋಮವಿಲ್ಲ, ಮೇಲೆ ಕೀಲಿನ ಪೊರೆಯೂ ಇಲ್ಲ. ಆಳಕ್ಕೆ ಇಳಿದಂತೆ ಬೆಳಕು ಬೇಗಬೇಗನೆ ಕ್ಷೀಣಿಸುತ್ತದೆ. ಕೀಲಿನ ನಡುವೆ, ಮೂಳೆಗಳ ಮರೆಯಲ್ಲಿರುವ ಗಾಯವನ್ನು ಮುಟ್ಟುವ ಹೊತ್ತಿಗೆ ಉಳಿಯುವುದೆಷ್ಟು ಎಂಬುದನ್ನು ಅಳೆದು ಹೇಳದ ಚಿಕಿತ್ಸಕನು ದೀಪವನ್ನು ಕಿಟಕಿಯ ಹೊರಗಿಟ್ಟು ಕೋಣೆಯಲ್ಲಿ ಓದುತ್ತೇನೆನ್ನುವವನಂತೆ.

ಇಲ್ಲಿ ನಮಗೆ ಅತ್ಯಂತ ಆತಂಕವಾಗಿ ತೋರುವುದು ಚಿಕಿತ್ಸೆಯ ವೈಫಲ್ಯವಲ್ಲ, ಅದರ ಅರೆಸಾಫಲ್ಯ. ಮಂದ ಲೇಸರಿನಿಂದ ನೋವೂ ಬಾವೂ ಒಂದಿಷ್ಟು ಇಳಿಯಬಹುದು. ಕುಂಟು ನಿಲ್ಲಬಹುದು. ಮೃದ್ವಸ್ಥಿಯ ಕುಳಿ ಮಾತ್ರ ಹಾಗೆಯೇ ಇರುತ್ತದೆ. ಪಂದ್ಯದ ಹಂಗಾಮು ಹತ್ತಿರವಿದ್ದರೆ, ಕುಂಟು ನಿಂತ ಕುದುರೆಯನ್ನು ‘ವಾಸಿಯಾಯಿತು’ ಎಂದು ಮೈದಾನಕ್ಕಿಳಿಸುವ ಒತ್ತಡ ಒಡೆಯನ ಮೇಲೂ ತರಬೇತುಗಾರನ ಮೇಲೂ ಇರುತ್ತದೆ. ನೋವು ಪ್ರಾಣಿಗೆ ಪ್ರಕೃತಿ ಕೊಟ್ಟ ಕಡಿವಾಣ. ಅದನ್ನು ಸಡಿಲಿಸಿ ಟನ್ನಿನ ಭಾರವನ್ನು ಅದೇ ಕುಳಿಯ ಮೇಲೆ ಹೇರಿದರೆ ಕೆಳಗಣ ಮೂಳೆ ಒಡೆಯಬಹುದು. ಓಡುತ್ತಿರುವ ಕುದುರೆಯ ಕಾಲಿನ ಮೂಳೆ ಒಡೆಯಿತೆಂದರೆ ಬಹುವೇಳೆ ಅಲ್ಲಿಗೇ ಅದರ ಕಥೆ ಮುಗಿಯುತ್ತದೆ, ಮೇಲೆ ಕುಳಿತ ಸವಾರನ ಜೀವವೂ ಅಪಾಯಕ್ಕೆ ಸಿಕ್ಕುತ್ತದೆ. ನೋವು ನಿವಾರಕ ಔಷಧಗಳ ಮೇಲೆ ಪಂದ್ಯದ ನಿಯಮಗಳು ಹತೋಟಿಯಿಟ್ಟಿರುವುದು ಈ ಭಯದಿಂದಲೂ ಹೌದು. ಔಷಧವು ರಕ್ತದಲ್ಲಿ ಸಿಕ್ಕುತ್ತದೆ. ಬೆಳಕು ರಕ್ತದಲ್ಲಿ ಸಿಕ್ಕುವುದಿಲ್ಲ.

ಹಿಂದೆ ಬೆಂಗಳೂರಿನ ಬೀದಿಗಳಲ್ಲಿ ಜಟಕಾಗಳಿದ್ದುವು. ಜಟಕಾದ ಕುದುರೆ ಕುಂಟಿದರೆ ಅದಕ್ಕೆ ವಿಶ್ರಾಂತಿ ಕೊಡುವ ಶಕ್ತಿ ಸಾಹೇಬನಿಗಿರಲಿಲ್ಲ, ಅಂದಂದಿನ ದುಡಿಮೆ ಅಂದಂದಿನ ಊಟ. ಬಿಸಿ ಶಾಖ, ಪಟ್ಟಿ, ಬರೆ ಇಷ್ಟರಲ್ಲಿ ಮರುದಿನ ಗಾಡಿಗೆ ಹೂಡಬೇಕಾಗಿತ್ತು. ಲಕ್ಷಗಟ್ಟಲೆ ಬೆಲೆಬಾಳುವ ಪಂದ್ಯದ ಕುದುರೆಗೂ ವಿಶ್ರಾಂತಿ ದುರ್ಲಭವೇ. ಕಾರಣ ಮಾತ್ರ ಬಡತನವಲ್ಲ. ಮೈಸೂರಿನ ಅಶ್ವಾರೋಹಿ ಪೋಲೀಸರ ಕುದುರೆಗಳಿಗೂ ದಸರಾ ಮೆರೆವಣಿಗೆಯ ಪಟ್ಟದ ಕುದುರೆಗೂ ಇಂಥ ತ್ವರೆ ಇಲ್ಲ. ಮಂದ ಲೇಸರನ್ನು ನಿಜವಾಗಿ ಪರೀಕ್ಷಿಸಬೇಕೆಂಬ ಮನಸ್ಸಿದ್ದವರು ಇಂಥ ಕಡೆ ಆರಂಭಿಸುವುದು ಲೇಸೆಂದು ನಮಗೆ ತೋರುತ್ತದೆ. ಹೆಬ್ಬಾಳದಲ್ಲಿ 1958ರಲ್ಲಿ ಆರಂಭವಾದ ಪಶುವೈದ್ಯ ಕಾಲೇಜು ನಮ್ಮಲ್ಲೇ ಇದೆ. ಕುದುರೆಗಳನ್ನು ಎರಡು ಗುಂಪುಮಾಡಿ, ಎರಡಕ್ಕೂ ಒಂದೇ ವಿಶ್ರಾಂತಿ ಕೊಟ್ಟು, ಒಂದಕ್ಕೆ ಬೆಳಕನ್ನು ಹಾಯಿಸಿ, ಇನ್ನೊಂದಕ್ಕೆ ಯಂತ್ರವನ್ನು ಆರಿಸಿಯೇ ಹಿಡಿದು, ಯಾವುದು ಯಾವ ಗುಂಪಿನದೆಂದು ತಿಳಿಯದವರಿಂದ ಕುಂಟನ್ನು ಅಳೆಸುವುದಕ್ಕೆ ಅಪಾರವಾದ ಧನವೇನೂ ಬೇಡ, ತಾಳ್ಮೆ ಬೇಕು.

ಅಂಥ ಪರೀಕ್ಷೆಯಲ್ಲಿ ಮರೆಯಬಾರದ ಒಂದು ಚಿಕ್ಕ ಅಂಶವುಂಟು. ಬೆಳಕು ಕುದುರೆಯ ಚರ್ಮವನ್ನು ಹಾದು ಎಷ್ಟು ಒಳಹೋಗುತ್ತದೆ ಎಂದು ಅಳೆದವರು, ರೋಮವನ್ನು ಕತ್ತರಿಸದ ಕಾಲಿಗಿಂತ ಕತ್ತರಿಸಿದ ಕಾಲಿನಲ್ಲಿ ಹೆಚ್ಚು ಬೆಳಕು ಇಳಿಯುವುದನ್ನೂ, ಕಪ್ಪು ಚರ್ಮಕ್ಕಿಂತ ಬಿಳಿಚರ್ಮದಲ್ಲಿ ಹೆಚ್ಚು ಇಳಿಯುವುದನ್ನೂ ಕಂಡಿದ್ದಾರೆ. ಪಂದ್ಯದ ಕುದುರೆಗಳಲ್ಲಿ ಬಹುಪಾಲು ಕಂದುಮೈಯವು, ಅವುಗಳ ಕೆಳಗಾಲು ಕಪ್ಪು. ಕೆಲವಕ್ಕೆ ಮಾತ್ರ ಗೊರಸಿನ ಮೇಲೆ ಬಿಳಿಯ ಪಟ್ಟೆ. ಒಂದೇ ಕುದುರೆಯ ಎಡಗಾಲಿಗೂ ಬಲಗಾಲಿಗೂ ಹೀಗೆ ಒಂದೇ ಯಂತ್ರದಿಂದ ಬೇರೆ ಬೇರೆ ಮಾತ್ರೆ ಸಿಕ್ಕುವ ಸಂಭವವಿದೆ. ಚಿಕಿತ್ಸೆಯ ದಾಖಲೆಯಲ್ಲಿ ಅಲೆಯುದ್ದ, ಶಕ್ತಿ, ಹೊತ್ತು ಇವುಗಳ ಜೊತೆಗೆ ಕಾಲಿನ ಬಣ್ಣವನ್ನೂ, ರೋಮ ಕತ್ತರಿಸಿದ್ದರೋ ಇಲ್ಲವೋ ಎಂಬುದನ್ನೂ ಬರೆದಿಡತಕ್ಕದ್ದು.